ಮಾವನ ಡ್ರಮ್ಮಿನ ನೀರು

ನಾನು ಸಿಡುಕಿ ಎಂಬುದರಲ್ಲಿ ನಮ್ಮ ಮನೆಯ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆ ಸಿಡುಕಿನಿಂದ ಒಂದು ಜೀವ ಉಳಿಯಿತು ಎಂದು ಎದೆತಟ್ಟಿ ಹೇಳುತ್ತೇನೆ. ಆ ಜೀವಕ್ಕೆ ಕುತ್ತು ಬಂದಿದ್ದರಲ್ಲೂ ನನ್ನ ಸಿಡುಕಿನ ಪಾಲಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಸೋದರಮಾವ ಶಿವಾರಪಟ್ಟಣದಲ್ಲಿ ಕಲ್ಲಿನ ವಿಗ್ರಹ ಕೆತ್ತುತ್ತಾರೆ. ನಾನು ಚಿಕ್ಕವಳಿದ್ದಾಗ ಅವರ ಶೆಡ್ಡಿನಲ್ಲಿ ಕೂತು ನೋಡುತ್ತಿದ್ದೆ. ಉಳಿಯಿಂದ ನಾಲ್ಕು ಏಟು ಹಾಕುವುದು, ಬಗ್ಗುವುದು, ಉಫ್ ಎಂದು ಊದುವುದು. ಬಿಳಿ ಪುಡಿ ಹಾರಿ ದೇವರ ಮೂಗು ಕಾಣುತ್ತಿತ್ತು. ಮಾವನ ರೆಪ್ಪೆಯ ಮೇಲೆಲ್ಲ ಕಲ್ಲಿನ ಹಿಟ್ಟು. ಮುಂದೆ ಕೋಲಾರದ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದ ಮೇಲೆ ನನಗೆ ಆ ಊದುವುದನ್ನು ಕಂಡರೆ ಮೈಯೆಲ್ಲ ಉರಿಯತೊಡಗಿತು.

"ಊದ್ಬೇಡಿ ಮಾವ, ಆ ಧೂಳೆಲ್ಲ ನಿಮ್ಮ ಎದೆಗೇ ಹೋಗ್ತದೆ."

"ಲೇ, ನಮ್ಮಪ್ಪ ಊದ್ದ, ನಮ್ ತಾತ ಊದ್ದ. ಊದ್ದೆ ಹೋದ್ರೆ ದೇವ್ರ ಮುಖ ಹೆಂಗ್ ಕಾಣ್ತದೆ?"

ಕಲ್ಲು ಕೊಯ್ಯುವ ಮೆಷಿನ್ನು ಬಂದ ಮೇಲಂತೂ ಶೆಡ್ಡಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಧೂಳು. ನಾನು ಹಬ್ಬಕ್ಕೆ ಹೋದರೂ ಜಗಳ, ಮದುವೆಗೆ ಹೋದರೂ ಜಗಳ. ಕೊನೆಗೆ ನನ್ನ ಬಾಯಿಗೆ ಹೆದರಿ ಮಾವ ಕೊಯ್ಯುವ ಬ್ಲೇಡಿನ ಮೇಲೆ ನೀರು ಬೀಳುವಂತೆ ಪೈಪು ಹಾಕಿಸಿದರು. ಧೂಳು ನಿಂತಿತು. ಮಾವನನ್ನು ಬದುಕಿಸಿಬಿಟ್ಟೆ ಎಂದು ಸಿಕ್ಕಸಿಕ್ಕವರ ಮುಂದೆಲ್ಲ ಕೊಚ್ಚಿಕೊಂಡೆ.

ಒಂದು ಬೇಸಿಗೆಯಲ್ಲಿ ಮಾವನಿಗೆ ಜ್ವರ ಬಂತು, ಹಿಂದೆಯೇ ಕೆಮ್ಮು, ಉಬ್ಬಸ. ಅತ್ತೆ ಅವರನ್ನು ನಮ್ಮ ಆಸ್ಪತ್ರೆಗೇ ಕರೆತಂದರು. ಎಕ್ಸ್‌ರೇಯಲ್ಲಿ ಒಂದು ಕಡೆಯ ಶ್ವಾಸಕೋಶ ಬೆಳ್ಳಗೆ ಮುಚ್ಚಿಹೋಗಿತ್ತು. ಕಲ್ಲು ಕೆಲಸದವರಾದ್ದರಿಂದ ಮೊದಲು ಕ್ಷಯ ಇರಬೇಕೆಂದರು. ಕಫ ನೋಡಿದರೆ ಕ್ಷಯವಿಲ್ಲ. ನ್ಯುಮೋನಿಯಾಕ್ಕೆ ಕೊಡುವ ಇಂಜೆಕ್ಷನ್ ಮೂರು ದಿನ ಕೊಟ್ಟರೂ ಜ್ವರ ಜಗ್ಗಲಿಲ್ಲ. ಮುಖಕ್ಕೆ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ಮಾವನ ಕಾಲು ಒತ್ತುತ್ತಾ ಅತ್ತೆ, "ಬೆಂಕಿಕಡ್ಡಿ ಆರಿಸೋಕೂ ಉಸಿರಿಲ್ಲ ಕಣೇ ಇವ್ರಿಗೆ, ದೇವುಡಾ" ಎಂದು ಅತ್ತರು.

ಎದೆರೋಗದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಕೊಳೆತ ನೀರಿನ ಸಣ್ಣ ತುಂತುರನ್ನು ಉಸಿರಾಡಿದರೆ ಬರುವ ನ್ಯುಮೋನಿಯಾ ಒಂದಿದೆ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ. ಈಗ ಕೊಡುತ್ತಿರುವ ಇಂಜೆಕ್ಷನ್ ಅದಕ್ಕೆ ನಾಟುವುದಿಲ್ಲ. ನಾಟುವ ಔಷಧಿ ಇದೆ, ಆದರೆ ಮಾವನ ಹೃದಯದ ಬಡಿತ ಆಗಲೇ ತಾಳ ತಪ್ಪಿತ್ತು. ಆ ಔಷಧಿ ಅದನ್ನು ಇನ್ನಷ್ಟು ಕೆಡಿಸಬಹುದು. "ಅದೇ ಅಂತ ಗೊತ್ತಾದ್ರೆ ಧೈರ್ಯ ಮಾಡ್ತೀನಿ ಮೇಡಂ. ನಿಮ್ಮಲ್ಲಿ ಟೆಸ್ಟ್ ಆಗುತ್ತಾ?"

ಆಗುತ್ತಿತ್ತು. ಕೊರೊನಾ ಕಾಲದಲ್ಲಿ ಮೂಗಿನ ದ್ರವ ಪರೀಕ್ಷಿಸಲು ಬಂದ ಪಿಸಿಆರ್ ಯಂತ್ರ ನಮ್ಮಲ್ಲಿತ್ತು. ಈ ಬ್ಯಾಕ್ಟೀರಿಯಾ ಹಿಡಿಯುವ ಕಿಟ್ಟನ್ನು ನಾನೇ ಹಟ ಹಿಡಿದು ತರಿಸಿದ್ದೆ. ಯಾರೂ ಕೇಳದ ಟೆಸ್ಟಿಗೆ ಕಿಟ್ ಯಾಕೆ ಎಂದು ಆಗ ಎಲ್ಲರೂ ನಕ್ಕಿದ್ದರು. ಫ್ರೀಜರಿನಲ್ಲಿ ಕೆಲವೇ ಟ್ಯೂಬುಗಳು ಉಳಿದಿದ್ದವು.

ಕಫದಿಂದ ಡಿಎನ್‌ಎ ಬೇರ್ಪಡಿಸಿ ಯಂತ್ರಕ್ಕಿಟ್ಟೆವು. ಆ ಬ್ಯಾಕ್ಟೀರಿಯಾದ ಒಂದು ಚೂರು ಇದ್ದರೂ ಯಂತ್ರ ಅದನ್ನು ಎರಡಾಗಿ, ನಾಲ್ಕಾಗಿ ಹೆಚ್ಚಿಸುತ್ತಾ ಹೋಗುತ್ತದೆ. ಪರದೆಯ ಮೇಲೆ ಗೆರೆ ಮೇಲೇಳುತ್ತದೆ. ಕೂತು ಕಾದೆವು. ಗೆರೆ ಏಳಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಹಿರಿಯ ಸಾಹೇಬರು ಮುಳಬಾಗಿಲಿನವರು, ಬಲು ಮೆತ್ತಗಿನ ಮನುಷ್ಯ. "ನೆಗೆಟಿವ್ ಅಲ್ವಾ ಮೇಡಂ? ರಿಪೋರ್ಟ್ ಕಳ್ಸಿಬಿಡೋಣ, ಪಾಪ ಕಾಯ್ತಾವ್ರೆ" ಎಂದರು. ನಾನೂ ಪೆನ್ನು ಕೈಗೆತ್ತಿಕೊಂಡಿದ್ದೆ. ಆಗ ಇನ್ನೊಂದು ಗೆರೆ ಕಣ್ಣಿಗೆ ಬಿತ್ತು. ಪ್ರತಿ ಟ್ಯೂಬಿಗೂ ನಾವೇ ಬೇರೊಂದು ಡಿಎನ್‌ಎಯನ್ನು ಹಾಕಿರುತ್ತೇವೆ, ಪರೀಕ್ಷೆ ಸರಿಯಾಗಿ ನಡೆಯಿತೇ ಎಂದು ತಿಳಿಯಲು. ರೋಗವಿರಲಿ ಬಿಡಲಿ, ಆ ಗೆರೆ ಏಳಲೇಬೇಕು. ಅದೂ ಅಂಗಾತ ಮಲಗಿತ್ತು.

"ಇದು ನೆಗೆಟಿವ್ ಅಲ್ಲ ಸಾಹೇಬ್ರೇ, ಟೆಸ್ಟೇ ನಡೆದಿಲ್ಲ!" ಎಂದು ಕೂಗಿದೆ. ಕಫದಲ್ಲಿದ್ದ ಏನೋ ಒಂದು, ರಕ್ತವೋ ಕೊಳೆಯೋ, ಪರೀಕ್ಷೆಗೇ ಅಡ್ಡಗಾಲು ಹಾಕಿತ್ತು. ಒಂದು ಪಾಲಿಗೆ ಒಂಬತ್ತು ಪಾಲು ಶುದ್ಧ ನೀರು ಬೆರೆಸಿ ತೆಳು ಮಾಡಿದರೆ ಆ ಅಡ್ಡಿ ತೊಲಗಬಹುದು. ಬ್ಯಾಕ್ಟೀರಿಯಾದ ಚೂರೂ ತೆಳುವಾಗಿ ಕೈತಪ್ಪಬಹುದು. ಹನಿ ಅಳೆದು ಹಾಕುವ ಪಿಪೆಟ್ ಕೈಗೆತ್ತಿಕೊಂಡೆ. ಸಾಹೇಬರು ಹೊಸ ಗ್ಲೌಸ್ ಹಾಕಿಕೊಂಡು ಬಂದು, "ಬಿಡಿ ಮೇಡಂ, ನಾನ್ ಮಾಡ್ತೀನಿ. ನಿಮ್ ಮಾವ ಅಲ್ವಾ, ನೀವ್ ಕೂತ್ಕೊಳ್ಳಿ" ಎಂದರು.

ಈ ಸಲ ಮೊದಲು ನಾವು ಹಾಕಿದ ಡಿಎನ್‌ಎಯ ಗೆರೆ ಎದ್ದಿತು. ಸ್ವಲ್ಪ ಹೊತ್ತಿಗೆ ಬ್ಯಾಕ್ಟೀರಿಯಾದ ಗೆರೆಯೂ ತಲೆ ಎತ್ತಿ, ನೋಡನೋಡುತ್ತಿದ್ದಂತೆ ಸರ್ರನೆ ಮೇಲೇರಿತು. ಸಾಹೇಬರು ಮಾಷಾ ಅಲ್ಲಾ ಎಂದರು. ನಾನು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದೆ. ಅಂಥ ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಹೃದಯದ ಬಡಿತವನ್ನು ಗಳಿಗೆಗೊಮ್ಮೆ ನೋಡಿಕೊಂಡು ಡಾಕ್ಟರು ಔಷಧಿ ಬದಲಿಸಿದರು. ಎರಡೇ ದಿನಕ್ಕೆ ಜ್ವರ ಇಳಿಯಿತು.

ಆದರೆ ಈ ಕಾಯಿಲೆ ಬಂದಿದ್ದೆಲ್ಲಿಂದ? ಶಿವಾರಪಟ್ಟಣಕ್ಕೆ ಹೋದೆ. ಶೆಡ್ಡಿನ ಹಿಂದೆ ಬಿಸಿಲಿನಲ್ಲಿ ಒಂದು ನೀಲಿ ಡ್ರಮ್ಮು, ಅದಕ್ಕೊಂದು ಸಣ್ಣ ಮೋಟರು. ಬ್ಲೇಡಿನ ಮೇಲೆ ಬಿದ್ದ ನೀರು ಕಾಲುವೆ ಹಿಡಿದು ಮತ್ತೆ ಅದೇ ಡ್ರಮ್ಮಿಗೆ ಬರುತ್ತಿತ್ತು. ಮಾವನ ಜೊತೆಗಾರ ಹೆಮ್ಮೆಯಿಂದ, "ಒಂದ್ ಹನೀನೂ ಪೋಲ್ ಮಾಡಿಲ್ಲಮ್ಮ. ಸಂಕ್ರಾಂತೀಗೆ ತುಂಬ್ಸಿದ್ದು" ಎಂದ. ಕೈ ಅದ್ದಿದರೆ ನೀರು ಬೆಚ್ಚಗಿತ್ತು, ಡ್ರಮ್ಮಿನ ಒಳಮೈಗೆಲ್ಲ ಲೋಳೆ. ಬ್ಲೇಡು ತಿರುಗಿದಾಗ ಅದೇ ನೀರು ತುಂತುರಾಗಿ ಮಾವನ ಮುಖಕ್ಕೆ ಹಾರುತ್ತಿತ್ತು. ಪಾತಾಳದಿಂದ ನೀರೆತ್ತುವ ನಮ್ಮ ಸೀಮೆಯಲ್ಲಿ ಕಲ್ಲು ಕೊಯ್ದ ನೀರನ್ನು ಯಾರು ಚೆಲ್ಲುತ್ತಾರೆ? ನೀರು ಹಾಕಿ ಎಂದು ಜಗಳವಾಡಿದ್ದ ನಾನು, ಅದನ್ನು ಬದಲಾಯಿಸಿ ಎಂದು ಒಂದು ಮಾತೂ ಹೇಳಿರಲಿಲ್ಲ. ಲೋಳೆಯನ್ನು ಹತ್ತಿಯಿಂದ ಒರೆಸಿ ತಂದು ಪರೀಕ್ಷೆಗಿಟ್ಟೆ. ಗೆರೆ ಮೊದಲ ಸಲಕ್ಕೇ ಎದ್ದಿತು.

ವಾರ್ಡಿನಲ್ಲಿ ಮಾವನ ಮುಂದೆ ಕೂತು ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅವರು ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿ, "ನೀರ್ ಹಾಕು ಅಂದೋಳೂ ನೀನೇ, ಕಾಯ್ಲೆ ಕಂಡ್ಹಿಡಿದೋಳೂ ನೀನೇ. ಇನ್ ಬಾಯ್ ಮುಚ್ಚು" ಎಂದರು.

ಮತ್ತೆ ಮೊದಲಿನಂತೆ ನೀರಿಲ್ಲದೆಯೇ ಕೊಯ್ಯೋಣ ಎಂದು ಶೆಡ್ಡಿನಲ್ಲಿ ಕೆಲವರು ಹೇಳಿದರು, ಮಾವ ಬಿಡಲಿಲ್ಲ. ಈಗ ಸಂಜೆಯಾದರೆ ಡ್ರಮ್ಮಿನ ನೀರು ತೆಂಗಿನ ಮರದ ಬುಡಕ್ಕೆ ಹೋಗುತ್ತದೆ, ಡ್ರಮ್ಮನ್ನು ಉಜ್ಜಿ ತೊಳೆದು ಬೋರಲು ಹಾಕುತ್ತಾರೆ. ಕೆಲಸಕ್ಕೆ ಕೂತವರ ಮೂಗಿಗೆಲ್ಲ ಮಾಸ್ಕು.

ಮಾವ ಮತ್ತೆ ಉಳಿ ಹಿಡಿದ ದಿನ ನಾನೂ ಹೋಗಿದ್ದೆ. ಅರ್ಧಕ್ಕೆ ನಿಂತಿದ್ದ ಆಂಜನೇಯನ ಕೆನ್ನೆಗೆ ನಾಲ್ಕು ಏಟು ಹಾಕಿದರು. ಪುಡಿ ಕೂತಿತು. ಕಳ್ಳನ ಹಾಗೆ ಒಮ್ಮೆ ನನ್ನ ಕಡೆ ನೋಡಿ, ಮಾಸ್ಕು ಕೆಳಗೆಳೆದು, ಬಗ್ಗಿ, ಎದೆ ತುಂಬ ಉಸಿರೆಳೆದುಕೊಂಡು ಉಫ್ ಎಂದು ಊದಿದರು. ಉದ್ದನೆಯ ಉಸಿರು, ನಡುವೆ ಒಂದು ಕೆಮ್ಮಿಲ್ಲ. ಪುಡಿಯೆಲ್ಲ ಹಾರಿ ನನ್ನ ಕನ್ನಡಕದ ಮೇಲೆ ಕೂತಿತು. ಬೈಯಲು ಬಾಯಿ ತೆರೆದೆ.

"ಇನ್ನೊಂದ್ಸಲ ಊದಿ ಮಾವ" ಎಂದೆ.