ನೆಲ್ಲಿಗೊಂದು ಚಳಿಗಾಲ

ಹೋದ ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಕಡೆಯ ವಿಜಯಪುರದ ಮನೆಯ ಹಿತ್ತಲಲ್ಲಿ ನಮ್ಮ ಚಿಕ್ಕಮ್ಮ ಒಂದು ನೆಲ್ಲಿಕಾಯಿ ಕಚ್ಚಿದರು. ಗೋಲಿಗಿಂತ ಚಿಕ್ಕ ಕಾಯಿ. ಹಸಿರು ಸಿಪ್ಪೆಯೊಳಗೆ ನರದಂಥ ಗೆರೆಗಳು. ನಾನು ಅಲ್ಲೇ ಇದ್ದೆ. ಇಷ್ಟು ಸಣ್ಣ ಸುದ್ದಿಗೆ ಹಿನ್ನೆಲೆ ಬೇರೆ ಬೇಕೇ ಎಂದು ನೀವು ಕೇಳಬಹುದು. ನನ್ನದು ಪತ್ರಿಕೆಯ ಕಸುಬು, ಅಲ್ಲಿ ಸುದ್ದಿ ಚಿಕ್ಕದಾದಷ್ಟೂ ಹಿನ್ನೆಲೆ ಉದ್ದವಾಗುತ್ತದೆ, ಪುಟ ತುಂಬಬೇಕಲ್ಲ.

ಗಿಡ ತಂದವರು ಚಿಕ್ಕಪ್ಪ. ಸೈನ್ಯದಿಂದ ನಿವೃತ್ತರಾಗಿ ಬಂದಾಗ ಅವರ ಕೈಯಲ್ಲಿ ಟ್ರಂಕಿನ ಜೊತೆ ಒಂದು ಎಣ್ಣೆ ಡಬ್ಬವಿತ್ತು, ಅದರಲ್ಲಿ ಗೇಣುದ್ದದ ಮುಳ್ಳುಕಡ್ಡಿ. ಉತ್ತರದ ಹಿಮದ ಬೆಟ್ಟಗಳಲ್ಲಿ, ಮರಗಳು ಮುಗಿಯುವ ಎತ್ತರದಲ್ಲಿ, ಬಂಡೆಸಂದಿಗಳಲ್ಲಿ ತಾನಾಗಿ ಬೆಳೆಯುವ ಕಾಡುನೆಲ್ಲಿಯಂತೆ. ನಮ್ಮ ಕಡೆ ನೆಲ್ಲಿ ಎಂದರೆ ಮರ. ಕುಂಡದಲ್ಲಿ ಸೊಂಟದೆತ್ತರದ ಪೊದೆಯೊಂದು ಮೈತುಂಬ ಮುಳ್ಳು ಬಿಟ್ಟುಕೊಂಡು ನಿಂತದ್ದನ್ನು ಬೀದಿಯವರು ನೆಲ್ಲಿ ಎಂದು ಒಪ್ಪಲಿಲ್ಲ.

"ಏನ್ ಮಿಲ್ಟ್ರಿ, ನಮ್ಮೂರ ಜಾಲಿಮುಳ್ಳು ಸಾಲ್ದು ಅಂತ ಅಲ್ಲಿಂದ ಹೊತ್ಕೊಂಡು ಬಂದ್ಯಾ?" ಎಂದು ಪಕ್ಕದ ಮನೆಯವರು ರೇಗಿಸುತ್ತಿದ್ದರು.

"ಕಾಯಿ ಬಿಡ್ಲಿ ತಡಿ ಗುರು, ಆಮೇಲೆ ಮಾತಾಡೋಣ," ಎನ್ನುತ್ತಿದ್ದರು ಚಿಕ್ಕಪ್ಪ.

ಕಾಯಿ ಬಿಡಲಿಲ್ಲ. ಮರುವರ್ಷವೂ ಇಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಚಿಕ್ಕಪ್ಪನ ಉಳಿದ ಮಾತುಗಳಿಗೂ ಬೆಲೆ ಇಳಿಯುತ್ತ ಹೋಯಿತು. ಚಳಿಗೆ ಬಂದೂಕಿಗೆ ಬೆರಳು ಅಂಟಿಕೊಂಡದ್ದು, ಕೋಳಿಮೊಟ್ಟೆ ಒಡೆಯಲು ಸುತ್ತಿಗೆ ಬೇಕಾದದ್ದು, ಎಲ್ಲಕ್ಕೂ ಚಿಕ್ಕಮ್ಮನದು ಒಂದೇ ಉತ್ತರ: "ಹೂಂ, ನೆಲ್ಲಿಕಾಯಿ ಥರಾನೇ." ಮನೆಯಲ್ಲಿ ಅದು ಗಾದೆಯೇ ಆಯಿತು. ಜೊತೆಯವನೊಬ್ಬ ಆ ಕಾಯಿ ಕೀಳಲು ಹೋಗಿ, ಕಾಲು ಜಾರಿ ಕಂದಕಕ್ಕೆ ಬಿದ್ದು ಸತ್ತ ಎಂದು ಅವರು ಹೇಳಿದಾಗಲೂ ಯಾರೋ ಆ ಗಾದೆಯನ್ನೇ ಹೇಳಿದರು. ಚಿಕ್ಕಪ್ಪ ನಕ್ಕರು. ಆ ಕಥೆಯನ್ನು ಮತ್ತೆ ಹೇಳಲಿಲ್ಲ.

ಚಿಕ್ಕಮ್ಮನದು ರೇಷ್ಮೆಮೊಟ್ಟೆ ತಯಾರಿಸುವ ಸಣ್ಣ ಕೇಂದ್ರ. ವರ್ಷಕ್ಕೆರಡೇ ಪೀಳಿಗೆಯ ದ್ವಿತಳಿ ರೇಷ್ಮೆಹುಳುವಿನ ಮೊಟ್ಟೆಗಳು ಹಟಮಾರಿಗಳು. ಒಂದು ಚಳಿಗಾಲ ಕಳೆಯಿತು ಎಂದು ಖಾತ್ರಿಯಾಗದೆ ಮರಿ ಹೊರಬರುವುದಿಲ್ಲ. ನಮ್ಮೂರಿನ ಚಳಿ ಅವುಗಳ ಲೆಕ್ಕಕ್ಕೇ ಇಲ್ಲ. ಅದಕ್ಕೇ ಅವನ್ನು ಕೋಲ್ಡ್ ರೂಮಿನಲ್ಲಿಟ್ಟು, ಸುಳ್ಳು ಚಳಿಗಾಲ ತೋರಿಸಿ, ಹೊರತೆಗೆದು ರೈತರಿಗೆ ಕೊಡುತ್ತಾರೆ.

"ನನ್ನ ಗಿಡಕ್ಕೂ ಬೇಕಾಗಿರೋದು ಅದೇ ಕಣೇ. ಒಂದು ಮೂಲೇಲಿ ಇಟ್ಕೊ," ಎಂದು ಚಿಕ್ಕಪ್ಪ ಒಮ್ಮೆ ಕೇಳಿದ್ದರು.

"ಮಣ್ಣಿನ ಕುಂಡಾನಾ? ಮೊಟ್ಟೆಗೆ ಬೂಷ್ಟು ಹತ್ತಿದ್ರೆ ನಿಮ್ಮ ಬೆಟ್ಟ ಬಂದು ಉತ್ತರ ಕೊಡುತ್ತಾ? ಕೇಳಲೇಬೇಡಿ."

ಅವರು ಮತ್ತೆ ಕೇಳಲಿಲ್ಲ. ಹೋದ ಕಾರ್ತಿಕದ ಹೊತ್ತಿಗೆ ಗಿಡದಲ್ಲಿ ಹಸಿಯಾಗಿ ಉಳಿದದ್ದು ಒಂದೆರಡು ಕೊಂಬೆ. ಒಂದು ದಿನ ಚಿಕ್ಕಪ್ಪ ಕುಂಡವನ್ನು ತಿಪ್ಪೆಯ ಕಡೆ ಎಳೆದುಕೊಂಡು ಹೋಗುತ್ತಿದ್ದರು.

"ನಿಲ್ಲಿ," ಎಂದರು ಚಿಕ್ಕಮ್ಮ.

ರೈತರಿಗೆ ಅವರೇ ಫೋನ್ ಮಾಡಿದರು. ಈ ಸಲ ಒಂದು ಬ್ಯಾಚ್ ಮೊಟ್ಟೆ ಇಡುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದರು.

"ಯಾಕಮ್ಮಾ, ಮಿಷನ್ ಕೆಟ್ಟೋಯ್ತಾ?" ಎಂದು ಒಬ್ಬ ಕೇಳಿದ.

"ಇಲ್ಲಪ್ಪಾ, ನೆಂಟರು ಬಂದವ್ರೆ. ಚಳಿ ದೇಶದೋರು."

ಖಾಲಿಯಾದ ಕೋಣೆಗೆ ಕುಂಡ ಹೋಯಿತು. ಚಿಕ್ಕಮ್ಮ ಬಾಗಿಲು ಹಾಕಿ ಚಿಕ್ಕಪ್ಪನ ಕಡೆ ತಿರುಗಿದರು. "ಇದೇ ಕೊನೆ. ಕಾಯಿ ಬಿಡ್ದಿದ್ರೆ ಗಿಡಾನೂ ಇಲ್ಲ, ನಿಮ್ಮ ಮಿಲ್ಟ್ರಿ ಕಥೇನೂ ಇಲ್ಲ."

ಸಂಕ್ರಾಂತಿ ಕಳೆದ ಮೇಲೆ ಕುಂಡ ಹೊರಬಂತು. ಕೋಣೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಮುಂದಿನ ಬ್ಯಾಚಿನ ಮೊಟ್ಟೆ ಇಟ್ಟರು. ಶಿವರಾತ್ರಿಗೆ ಚಿಗುರು ಬಂತು, ಯುಗಾದಿಗೆ ಹೂವು. ಆಮೇಲೆ ಕಾಯಿ. ಪಕ್ಕದ ಮನೆಯವರು ಬಂದು ನೋಡಿ, ಮುಳ್ಳು ಮುಟ್ಟಿ ಹೋದರು.

ಭಾನುವಾರ ಕಚ್ಚಿದ ಮೇಲೆ ಚಿಕ್ಕಮ್ಮನ ಒಂದು ಕಣ್ಣು ಮುಚ್ಚಿಹೋಯಿತು. "ಅಬ್ಬಾ, ಏನ್ ಹುಳಿರೀ ಇದು!"

"ನಾನು ಹೇಳಿರ್ಲಿಲ್ವಾ?"

ಚಿಕ್ಕಮ್ಮ ನಿಧಾನಕ್ಕೆ ಅಗಿದು ನುಂಗಿದರು. "ಹಾಗಾದ್ರೆ ಬಿದ್ದು ಸತ್ತ ಅಂದ್ರಲ್ಲ, ಆ ಹುಡುಗ?"

"ಅವ್ನೂ ನಿಜ ಕಣೇ."

"ಹೆಸ್ರು?"

"ಶಿವಣ್ಣ. ನೆಲಮಂಗಲದ ಕಡೆಯೋನು. ಅಕ್ಕ ಒಬ್ಬಳು ಇದ್ದಾಳೆ."

"ಒಂದ್ಸಲಾನೂ ಹೋಗಿ ನೋಡ್ಲಿಲ್ವಾ?"

"ಏನಂತ ಹೋಗ್ಲಿ? ನನಗೋಸ್ಕರ ನೆಲ್ಲಿಕಾಯಿ ಕೀಳಕ್ಕೆ ಹೋಗಿ ಸತ್ತ ಅಂದ್ರೆ ಯಾರು ನಂಬ್ತಾರೆ?"

ಇಂದು ಬೆಳಿಗ್ಗೆ ಚಿಕ್ಕಮ್ಮ ಕಾಯಿಗಳಿರುವ ಒಂದು ಕೊಂಬೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರಂತೆ. ಈಗಷ್ಟೇ ಫೋನ್ ಬಂತು. ಇಬ್ಬರೂ ದೊಡ್ಡಬಳ್ಳಾಪುರದಲ್ಲಿ ಇಳಿದು ನೆಲಮಂಗಲದ ಬಸ್ಸು ಹತ್ತಿದ್ದಾರೆ.