ಮೂಲ ಮರಾಠಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಪರವಾಗಿ ನಿಲ್ಲಿಸಿದರೂ ಸರಿ, ವಿರೋಧವಾಗಿ ನಿಲ್ಲಿಸಿದರೂ ಸರಿ, ಎದುರಿನವರ ಮೊದಲ ವಾಕ್ಯದಲ್ಲೇ ಬಿರುಕು ಹುಡುಕುತ್ತಿದ್ದೆ. ‘ಇದಕ್ಕೆ ಪುರಾವೆ ಏನು?’ ಎಂಬುದು ನನ್ನ ಮೆಚ್ಚಿನ ಪ್ರಶ್ನೆ. ಅದೇ ಪ್ರಶ್ನೆಯನ್ನು ಬೆಂಗಳೂರಿನ ಒಬ್ಬ ಸಂಪಾದಕರು ನನಗೆ ಕೇಳಿದಾಗ ನನ್ನ ಹತ್ತಿರ ಪುರಾವೆ ಇರಲಿಲ್ಲ.

ಎರಡು ಸಾವಿರದ ಹತ್ತರ ಆಸುಪಾಸು. ನನಗೆ ಇಪ್ಪತ್ತಮೂರು. ಮುಂಬಯಿ ಹತ್ತಿರದ ಡೊಂಬಿವಲಿಯ ಒನ್ ರೂಮ್ ಕಿಚನ್‌ನಲ್ಲಿ ಅಮ್ಮ ಮತ್ತು ನಾನು. ಅಪ್ಪ ಅಂಬರನಾಥದ ಹೋಟೆಲೊಂದರಲ್ಲಿ ಮ್ಯಾನೇಜರು, ಮನೆಗೆ ಬರುವುದು ರಜೆಯ ದಿನ ಮಾತ್ರ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು. ಕನ್ನಡವನ್ನು ನಾನು ನಾಲ್ಕನೇ ಕ್ಲಾಸಿನ ತನಕ ಇಲ್ಲಿನ ಕನ್ನಡ ಶಾಲೆಯಲ್ಲಿ ಕಲಿತವಳು, ಆಮೇಲೆ ಓದಿ ಓದಿ ಬೆಳೆಸಿಕೊಂಡವಳು. ಬರೆಯುವುದಾದರೆ ಕನ್ನಡದಲ್ಲೇ ಎಂದು ಯಾಕೆ ಹಟ ಹಿಡಿದೆನೋ, ಅದಕ್ಕೆ ಇವತ್ತಿಗೂ ಒಂದು ಗಟ್ಟಿ ಕಾರಣ ಕೊಡಲಾರೆ.

ನಾಲ್ಕು ವರ್ಷ ಕಥೆ, ಕವಿತೆ ಕಳಿಸಿದೆ. ಕವರಿನೊಳಗೆ ನನ್ನ ವಿಳಾಸ ಬರೆದು ಸ್ಟಾಂಪು ಹಚ್ಚಿದ ಇನ್ನೊಂದು ಕವರು ಇಡಬೇಕು, ಬೇಡವಾದದ್ದು ಅದರಲ್ಲಿ ವಾಪಸು ಬರುತ್ತದೆ. ಅಂದರೆ ‘ಬೇಡ’ ಎನ್ನುವ ಸುದ್ದಿ ನನ್ನದೇ ಕೈಬರಹದಲ್ಲಿ ನನ್ನ ಬಾಗಿಲಿಗೆ ಬರುತ್ತಿತ್ತು. ಪೋಸ್ಟ್‌ಮನ್ ಬಾಗಿಲ ಸಂದಿಯಿಂದ ತಳ್ಳಿದ ಕವರಿನ ಮೇಲೆ ನನ್ನ ಅಕ್ಷರ ಕಂಡರೆ ಸಾಕು, ಒಡೆದು ನೋಡುವ ಅಗತ್ಯವೇ ಇರಲಿಲ್ಲ. ಕವಿತೆಗಳಂತೂ ಎಷ್ಟು ಬೇಗ ಬರುತ್ತಿದ್ದವೆಂದರೆ, ಯಾರಾದರೂ ಓದಿರುತ್ತಾರೆ ಎಂಬ ಬಗ್ಗೆಯೇ ನನಗೆ ಸಂಶಯ.

ಕೊನೆಗೆ ಒಂದು ಕರಾರು ಮಾಡಿಕೊಂಡೆ. ಇನ್ನೊಂದೇ ಕಥೆ. ಇದೂ ಅಚ್ಚಾಗದಿದ್ದರೆ ಕನ್ನಡದಲ್ಲಿ ಬರೆಯುವುದು ನಿಲ್ಲಿಸುವುದು.

ಆ ಕಥೆ ಅಮ್ಮನದು. ಅಮ್ಮ ಥಾಣೆಯ ವರ್ತಕ ನಗರದ ಒಂದು ಶಾಲೆಯಲ್ಲಿ ಕ್ಲರ್ಕು. ಬೆಳಿಗ್ಗೆ ಡೊಂಬಿವಲಿಯಲ್ಲಿ ಥಾಣೆಯ ಲೋಕಲ್ ಗಾಡಿಗೆ ಹತ್ತಿದರೆ ಕಾಲಿಡಲು ಜಾಗವಿಲ್ಲ, ಅವಳಿಗೆ ಮೊಣಕಾಲು ನೋವು. ಹಾಗಾಗಿ ಇಲ್ಲಿನ ಎಷ್ಟೋ ಜನರ ಹಾಗೆ ಅವಳೂ ಉಲ್ಟಾ ಹೋಗುತ್ತಿದ್ದಳು: ಎದುರು ದಿಕ್ಕಿನ ಕಲ್ಯಾಣಕ್ಕೆ ಹೋಗುವ ಖಾಲಿ ಗಾಡಿ ಹತ್ತಿ ಕಿಟಕಿ ಹಿಡಿದು ಕೂರುವುದು, ಕಲ್ಯಾಣದಲ್ಲಿ ಇಳಿಯದೆ ಅದೇ ಗಾಡಿಯಲ್ಲಿ ವಾಪಸು ಥಾಣೆಗೆ. ತಮಗೆ ಸೀಟು ಸಿಗದ ಕಲ್ಯಾಣದವರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಅಲ್ಲಿ ಹತ್ತುತ್ತಿದ್ದ ಒಬ್ಬ ಹೆಂಗಸು ಅಮ್ಮನ ಜೊತೆ ಒಂದು ವರ್ಷ ದಿನಾ ಜಗಳವಾಡಿದ್ದಳು. ಆಮೇಲೆ ಒಂದು ವಾರ ಅವಳು ಕಾಣಲಿಲ್ಲ. ಅಮ್ಮ ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸಿ ಥಾಣೆ ಹತ್ತಿರದ ಮುಂಬ್ರಾದ ತನಕ ಯಾರನ್ನೂ ಕೂರಗೊಡುತ್ತಿರಲಿಲ್ಲವಂತೆ. ಎಂಟನೇ ದಿನ ಆ ಹೆಂಗಸು ಬಂದಳು, ಹಣೆಯಲ್ಲಿ ಕುಂಕುಮವಿರಲಿಲ್ಲ. ಅಮ್ಮ ಕಿಟಕಿಯಿಂದ ಸರಿದು ಜಾಗ ಕೊಟ್ಟಳು. ಇಷ್ಟೇ ಕಥೆ.

ಕಳಿಸಿದ ತಿಂಗಳ ಮೇಲೆ ಬೆಂಗಳೂರಿನ ಆ ಸಂಪಾದಕರ ಕಾರ್ಡು ಬಂತು. ‘ಕಥೆ ಚೆನ್ನಾಗಿದೆ. ಆದರೆ ವಾತಾವರಣ, ಪಾತ್ರಗಳು, ಮಾತಿನ ಧಾಟಿ ಎಲ್ಲವೂ ಮರಾಠಿ. ಅನುವಾದವೆಂದು ತಿಳಿಯುತ್ತದೆ. ಮೂಲ ಲೇಖಕರ ಹೆಸರು ತಿಳಿಸಿದರೆ ಪ್ರಕಟಿಸುತ್ತೇವೆ.’

ಅನುವಾದವಲ್ಲ, ಕಥೆ ನನ್ನದೇ ಎಂದು ಎರಡು ಪುಟ ವಾದ ಬರೆದು ಕಳಿಸಿದೆ. ಉತ್ತರವಿಲ್ಲ. ಫೋನ್ ಮಾಡಿದೆ.

“ಕೋಪ ಮಾಡ್ಕೋಬೇಡಿ ಅಮ್ಮಾ,” ಎಂದರು ಸಂಪಾದಕರು, ತುಂಬ ಸೌಮ್ಯವಾಗಿ. “ಅನುವಾದ ಅಂದ್ರೆ ಕೀಳು ಅಂತ ಯಾರು ಹೇಳಿದ್ರು? ಗೌರವದಿಂದ್ಲೇ ಹಾಕ್ತೀವಿ.”

“ಸರ್, ಮೂಲ ಅಂತ ಒಂದಿಲ್ಲ.”

“ಇಲ್ಲ ಅನ್ನೋದಕ್ಕೆ ಪುರಾವೆ ಏನು?”

“ಇದೆ ಅಂತ ಹೇಳೋರು ನೀವು. ನೀವು ತೋರಿಸಬೇಕು. ಇಲ್ಲದ್ದನ್ನ ನಾನು ಎಲ್ಲಿಂದ ತಂದು ತೋರಿಸ್ಲಿ?”

“ವಾದ ಚೆನ್ನಾಗಿ ಮಾಡ್ತೀರಿ,” ಎಂದು ನಕ್ಕು ಫೋನ್ ಇಟ್ಟುಬಿಟ್ಟರು.

ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ವಿಜಯಪುರದ ಕಡೆಯ ಒಬ್ಬ ಕಾಕಾ ಇದ್ದರು. ರೈಲ್ವೆಯಿಂದ ರಿಟೈರಾದವರು, ಕನ್ನಡ ಸಂಘದ ಸ್ಮರಣ ಸಂಚಿಕೆಗಳಿಗೆ ಕವನ ಬರೆಯುವವರು. ನಾನು ಬರೆದದ್ದನ್ನು ಅಮ್ಮನಿಗಿಂತ ಮೊದಲು ಓದುತ್ತಿದ್ದವರು ಅವರೊಬ್ಬರೇ. ಕಾರ್ಡು ತೋರಿಸಿದೆ.

“ಇದಕ್ಯಾಕ ಇಷ್ಟ್ ತಲಿ ಕೆಡಿಸ್ಕೋತಿ ತಂಗೀ? ಯಾವುದರ ಒಂದ್ ಹೆಸರ ಹಾಕಿ ಕಳಸು. ಹುಡುಕ್ಕೋತ ಬರವ್ರ್ಯಾರು?”

“ಸುಳ್ಳಲ್ವಾ ಕಾಕಾ?”

“ಕಥಿ ಬರಿಯಾಕಿ ನೀ, ಒಂದ್ ಮನಷ್ಯಾನ್ನ ಹುಟ್ಟಿಸಾಕ ಬರೂದಿಲ್ಲೇನು?”

ಈ ತರ್ಕದ ತೂತು ನನಗೆ ಕಾಣಲಿಲ್ಲವೆಂದರೆ ಅದು ಶುದ್ಧ ಸುಳ್ಳು. ಪಾತ್ರ ಸುಳ್ಳಾಗಬಹುದು, ಲೇಖಕ ಸುಳ್ಳಾಗಬಾರದು. ಒಂದೇ ಸಾಲಿನಲ್ಲಿ ಕಾಕಾನನ್ನು ಸೋಲಿಸಬಹುದಿತ್ತು. ಸೋಲಿಸಲಿಲ್ಲ. ಯಾಕೆಂದರೆ ನನಗೆ ಅಚ್ಚಾಗಬೇಕಿತ್ತು. ಅಷ್ಟು ಹಸಿದಿದ್ದೆ. ಇಂಥ ಹಸಿವಿನಲ್ಲಿ ಸರಿತಪ್ಪು ಗೊತ್ತಿಲ್ಲದೆ ಹೋಗುವುದಿಲ್ಲ, ಗೊತ್ತಿದ್ದೂ ಬೇಕಾಗುವುದಿಲ್ಲ. ಒಂದು ಮರಾಠಿ ಗಂಡಸಿನ ಹೆಸರು ಹೊಸೆದು, ಕಾರ್ಡಿನಲ್ಲಿ ಬರೆದು, ಸ್ಟೇಶನ್ನಿನ ಹೊರಗಿನ ಟಪಾಲು ಡಬ್ಬಿಗೆ ಹಾಕಿದೆ.

ಅಚ್ಚಾಯಿತು. ತಲೆಬರಹದ ಕೆಳಗೆ ದಪ್ಪ ಅಕ್ಷರದಲ್ಲಿ ‘ಮೂಲ ಮರಾಠಿ’ ಮತ್ತು ಆ ಹುಟ್ಟದ ಮನುಷ್ಯನ ಹೆಸರು. ಅದರ ಕೆಳಗೆ ಸಣ್ಣದಾಗಿ ‘ಕನ್ನಡಕ್ಕೆ’ ಎಂದು ನಾನು. ನಾಲ್ಕು ವರ್ಷ ಕಾದ ಹೆಸರು, ಯಾರದೋ ಹೆಸರಿನ ಅಡಿಯಲ್ಲಿ.

ಅಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದಳು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ. ಮುಗಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಹೋದಳು.

“ಈ ಮನುಷ್ಯನಿಗೆ ನನ್ನ ವಿಷಯ ಯಾರು ಹೇಳಿದ್ದು?” ಎಂದಳು ತುಳುವಿನಲ್ಲಿ.

“ಅದು ಹಾಗಲ್ಲ ಅಮ್ಮ. ಅದೊಂದು ನಿಯಮ.”

“ಎಂಥ ನಿಯಮ? ಕರ್ಚೀಫು ಹಾಕಿದ್ದು ನಾನು. ಬರೆದದ್ದು ನೀನು. ನಡುವೆ ಇವ ಯಾರು?”

ಅಮ್ಮ ಪತ್ರಿಕೆಯನ್ನು ಮಡಚಿ ಗೋಡ್ರೆಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಹೆಮ್ಮೆಯಿಂದಲೋ ನಾಚಿಕೆಯಿಂದಲೋ, ಕೇಳುವ ಧೈರ್ಯವಾಗಲಿಲ್ಲ.

ಮರುದಿನವೇ ಸಂಪಾದಕರಿಗೆ ತಪ್ಪೊಪ್ಪಿಗೆ ಬರೆದೆ. ಆ ಹೆಸರಿನವರು ಯಾರೂ ಇಲ್ಲ, ಕಥೆ ನನ್ನದೇ, ಅಚ್ಚಾಗುವ ಆಸೆಗೆ ಸುಳ್ಳು ಹೇಳಿದೆ, ತಿದ್ದುಪಡಿ ಹಾಕಿ. ಈ ಸಲ ಉತ್ತರ ಬೇಗ ಬಂತು. ‘ಕಥೆಗೆ ಓದುಗರಿಂದ ಮೆಚ್ಚುಗೆ ಬಂದ ಮೇಲೆ ಅದನ್ನು ಸ್ವಂತದ್ದೆನ್ನುವುದು ಶೋಭೆಯಲ್ಲ. ಹಿರಿಯ ಲೇಖಕರೊಬ್ಬರ ಶ್ರಮವನ್ನು ಕಸಿಯಬೇಡಿ. ಇನ್ನು ಮುಂದೆ ತಮ್ಮ ಬರಹಗಳನ್ನು ಪರಿಗಣಿಸಲಾಗುವುದಿಲ್ಲ.’

ಹಿರಿಯ ಲೇಖಕ! ನಾನು ಅವನಿಗೆ ವಯಸ್ಸನ್ನೇ ಕೊಟ್ಟಿರಲಿಲ್ಲ. ನಗಬೇಕಿತ್ತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅವರ ಮೇಲೆ ಸಿಟ್ಟೂ ಮಾಡುವಂತಿರಲಿಲ್ಲ. ಒಮ್ಮೆ ಸುಳ್ಳು ಹೇಳಿದೆನೆಂದು ತಾನೇ ಒಪ್ಪಿಕೊಂಡ ಸಾಕ್ಷಿಯನ್ನು ನಾನಾದರೂ ನಂಬುತ್ತಿದ್ದೆನೆ?

ಆ ವಾರ ಅಮ್ಮ ಸಂಜೆ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುತ್ತಾ ಹೇಳಿದಳು: “ಗಾಡಿಯಲ್ಲಿ ಎಲ್ಲರಿಗೂ ಹೇಳಿದೆ, ಮಗಳು ನಮ್ಮ ಲೇಡೀಸ್ ಡಬ್ಬಿಯ ಕಥೆ ಬರೆದಿದ್ದಾಳೆ ಅಂತ. ಅವರಿಗೆ ಕನ್ನಡ ಬರುವುದಿಲ್ಲ ಅಲ್ವಾ? ಮರಾಠಿಯಲ್ಲಿ ಬರೆದು ಕೊಡು. ನಾಳೆ ಓದುತ್ತೇನೆ. ಅವಳೂ ಇರುತ್ತಾಳೆ.”

“ಯಾರು?”

“ಯಾರು ಅಂದರೆ? ಅವಳೇ ಮಾರಾಯ್ತಿ, ಕಲ್ಯಾಣದವಳು.”

ಬೇಡ ಎನ್ನಲು ಆಗಲಿಲ್ಲ. ಊಟದ ಮಣೆಯ ಮೇಲೆ ಕಾಗದವಿಟ್ಟುಕೊಂಡು ಕೂತೆ. ಲೋಕದಲ್ಲಿ ಇಲ್ಲದ ಒಂದು ಮರಾಠಿ ಕಥೆಯನ್ನು, ಅದು ಇಲ್ಲವೆಂದು ಇಷ್ಟೆಲ್ಲ ಕೂಗಾಡಿದ ನಾನೇ ಬರೆಯತೊಡಗಿದೆ.

ಅಮ್ಮ ಸರಿದು ಜಾಗ ಕೊಡುವ ಕಡೆಗೆ ಬಂದೆ. ಅಲ್ಲಿ ಅವಳದು ಒಂದೇ ಮಾತು. ಕನ್ನಡದಲ್ಲಿ ಅದಕ್ಕೆ ನಾಲ್ಕು ದಿನ ಒದ್ದಾಡಿದ್ದೆ. ‘ಕುಳಿತುಕೊಳ್ಳಿ’ ಎಂದರೆ ಬ್ಯಾಂಕಿನವರ ಹಾಗೆ, ‘ಕುಂದರವಾ’ ಎಂದರೆ ಕಾಕಾನ ಹಾಗೆ. ಕೊನೆಗೆ ‘ಕೂತುಕೊ’ ಎಂದು ಬರೆದು, ಸೋತು ಮುಂದೆ ಹೋಗಿದ್ದೆ. ಈಗ ಪೆನ್ನು ನಿಲ್ಲಲೇ ಇಲ್ಲ. ‘ಅಗಂ, ಬಸ್ ನಾ’ ಎಂಬ ಸಲುಗೆಯ ಮರಾಠಿ ‘ಕೂತುಕೊ’ ಕಾಗದದ ಮೇಲೆ ತಾನಾಗಿ ಬಿತ್ತು. ಅಮ್ಮ ಅಂದು ಗಾಡಿಯಲ್ಲಿ ಆಡಿದ್ದೂ ಅದೇ. ಬೇರೆ ಯಾವ ಭಾಷೆಯಲ್ಲಿ ಆಡಿಯಾಳು?

ನಾನು ಪೆನ್ನು ಕೆಳಗಿಟ್ಟೆ. ‘ಮೂಲ ಅಂತ ಒಂದಿಲ್ಲ’ ಎಂದು ಇಷ್ಟು ದಿನ ಸಂಪಾದಕರ ಎದುರು ಮಂಡಿಸಿದ್ದ ವಾದವನ್ನು ಮೊದಲಿನಿಂದ ಒಂದೊಂದಾಗಿ ತೆಗೆದು ನೋಡಿದೆ. ಎಲ್ಲಿ ನಿಲ್ಲಿಸಿದರೂ ಅದು ನಿಲ್ಲುತ್ತಿರಲಿಲ್ಲ.

“ಆಯಿತಾ?” ಎಂದಳು ಅಮ್ಮ ಒಳಗಿನಿಂದ.

“ಇಲ್ಲ,” ಎಂದೆ.