ಪುರಾಣದ ಕಾಡಿಗೆ ಬಂದ ತೆಂಗಿನ ಮರ

ಊರಿನ ನಾಟಕಕ್ಕೆ ಬಾಡಿಗೆ ಪರದೆ ತರುವುದೆಂದರೆ ಊರಿಗೇ ಅವಮಾನ ಎಂದುಕೊಂಡಿದ್ದ ಕಾಲ ಅದು. ಬೇಸಿಗೆ ಶುರುವಾಯಿತೆಂದರೆ ನಮ್ಮ ಗಂಡಸರಿಗೆಲ್ಲ ನಾಟಕದ ಹುಚ್ಚು ಹಿಡಿಯುತ್ತಿತ್ತು. ತೆಂಗಿನ ಬುಡಕ್ಕೆ ನೀರು ಕಟ್ಟುತ್ತಲೇ ಕಂದ ಪದ್ಯ ಒದರುತ್ತಿದ್ದರು. ತಿಪಟೂರಿಗೆ ಕೊಬ್ಬರಿ ಹೊತ್ತು ಹೋಗುವ ಗಾಡಿಯ ಮೇಲೂ ಯುದ್ಧ ನಡೆಯುತ್ತಿತ್ತು.

ನಾನಾಗ ಎರಡು ಜಡೆಯ ಹುಡುಗಿ. ಆ ವರ್ಷದ ಪೌರಾಣಿಕ ನಾಟಕ ಮುಕ್ಕಾಲು ಪಾಲು ಕಾಡಿನಲ್ಲೇ ನಡೆಯುವಂಥದ್ದು. ನಮ್ಮ ಹಳೆಯ ಕಾಡಿನ ಪರದೆಯನ್ನು ನೋಡಿದರೆ ಇಲಿ ತಿಂದು ಹಾಕಿತ್ತು. ಹೊಸದನ್ನು ಬರೆಸುವ ಜವಾಬ್ದಾರಿಯನ್ನು ಅಪ್ಪ ಮೈಮೇಲೆ ಎಳೆದುಕೊಂಡು, ಹುಳಿಯಾರಿನಿಂದ ರುದ್ರಣ್ಣ ಎಂಬ ಪೇಂಟರನ್ನು ಕರೆತಂದ. ರುದ್ರಣ್ಣ ಅಲ್ಲಿಯವರೆಗೆ ಬರೆದದ್ದೆಲ್ಲ ಅಂಗಡಿಯ ಬೋರ್ಡು ಮತ್ತು ಲಾರಿಯ ಹಿಂದಿನ ಹದ್ದು. ಈ ಪರದೆಯೊಂದು ಚೆನ್ನಾಗಿ ಬಂದರೆ ಇನ್ನು ಬೋರ್ಡು ಮುಟ್ಟುವುದಿಲ್ಲ ಎಂದು ಅಪ್ಪನ ಹತ್ತಿರ ಹೇಳಿಕೊಂಡಿದ್ದ. ನನಗೂ ಒಂದು ಎಲೆಗೆ ಬಣ್ಣ ಹಚ್ಚಲು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ.

ನಾಟಕ ಕಲಿಸಲು ಬಂದ ಹಾರ್ಮೋನಿಯಂ ಮೇಷ್ಟ್ರು ತುರುವೇಕೆರೆ ಕಡೆಯವರು. ಅವರಿಗೆ ಯಾರನ್ನಾದರೂ ಚೆನ್ನಾಗಿ ಬೈಯದೆ ರಾಗ ಏಳುತ್ತಿರಲಿಲ್ಲ. ಬೈದು, ಎಲೆ ಅಡಿಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿದರೆ ಮಾತ್ರ ಬೆರಳು ಓಡುತ್ತಿದ್ದವು. ಇದು ಗೊತ್ತಿದ್ದರಿಂದ, ನಾಟಕದಲ್ಲಿ ಪಾತ್ರ ಹಾಕಿದ್ದ ಅಪ್ಪ ದಿನಾ ಮೊದಲ ಸಾಲನ್ನು ಬೇಕೆಂದೇ ತಪ್ಪಾಗಿ ಹಾಡುತ್ತಿದ್ದ.

ರುದ್ರಣ್ಣನ ಕೈ ಮಾತ್ರ ಏಳಲೇ ಇಲ್ಲ. ಅಂಗಳದಲ್ಲಿ ಬಟ್ಟೆ ಬಿಗಿದು, ಅಂಟು ಕಾಯಿಸಿ, ಬಿಳಿ ಬಳಿದು ಅದರ ಮುಂದೆ ಕೂತ. ಕೂತೇ ಇದ್ದ. ಒಂದು ಮರ ಬರೆಯುವುದು, ಅದರ ಮೇಲೆ ಮತ್ತೆ ಬಿಳಿ ಬಳಿಯುವುದು. ಊಟದ ಹೊತ್ತಿಗೆ ಮುದ್ದೆ, ಹುರುಳಿಕಾಳಿನ ಸಾರು ಉಂಡು ಮತ್ತೆ ಅಲ್ಲೇ ಕೂರುವುದು. ಜನ ಆಡಿಕೊಳ್ಳತೊಡಗಿದರು. ಸೋಮವಾರದೊಳಗೆ ಕಾಡು ಕಾಣದಿದ್ದರೆ ತಿಪಟೂರಿನಿಂದ ಬಾಡಿಗೆ ಪರದೆ ತರಿಸುತ್ತೇನೆಂದು ಮೇಷ್ಟ್ರು ಹೇಳಿಬಿಟ್ಟರು. ಅಪ್ಪನಿಗೆ ಅನ್ನ ಸೇರದಾಯಿತು. ನನಗೆ ನನ್ನ ಎಲೆಯ ಚಿಂತೆ.

ನಮ್ಮ ಅಜ್ಜಿ ಬೆಳಗಾಗೆದ್ದು ರಾಗಿ ಬೀಸುತ್ತ ಹಾಡುವವಳು. ಊರಲ್ಲಿ ಹಿಂದಿನ ದಿನ ನಡೆದದ್ದೆಲ್ಲ ಅವಳ ಹಾಡಿನಲ್ಲಿ ಬರುತ್ತಿತ್ತು. ಮೇಷ್ಟ್ರು ಹಾಗೆ ಹೇಳಿದ ಮರುದಿನ ಹಾಡಿಗೆ ರುದ್ರಣ್ಣನೇ ಬಂದಿದ್ದ. ಬಿಳಿ ಬಟ್ಟೆಗೆ ಕಾವಲು ಕೂತ ಧಣಿ, ಮುದ್ದೆ ನುಂಗುವುದರಲ್ಲಿ ಬಲು ಜಾಣ ಎಂದೇನೋ ಹಾಡಿಕೊಂಡಳು. ಜಗಲಿಯಲ್ಲಿ ಮಲಗಿದ್ದ ರುದ್ರಣ್ಣ ಎದ್ದು ಬಂದ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ.

"ಇದನ್ನ ಯಾವಾಗ ಕಟ್ಟಿದ್ರಿ ಅಜ್ಜಿ?" ಎಂದು ಕೇಳಿದ.

"ಕಟ್ಟಾದೇನು ಬಂತು? ಕೂತ್ಕಂಡು ಹಾಡು ಅಂದ್ರೆ ನಂಗೆ ಒಂದು ಪದಾನೂ ಬರಾಕಿಲ್ಲ. ಕೈ ಕಲ್ಲಿನ ಜೊತೆ ತಿರುಗ್ತಿದ್ರೆ ಬಾಯಿಗೆ ತಾನೇ ಬತ್ತದೆ. ನೀನು ಕೈ ಕಟ್ಕಂಡು ಕೂತಿದ್ದೀಯ ಕಣಪ್ಪ. ಅತ್ಲಾಗಿ ಬುಡು ಅದನ್ನ, ಅಟ್ಟ ಹತ್ತಿ ಕಾಯಿ ಆರಿಸ್ಕೊಡು."

ನಮ್ಮ ಕಡೆ ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ ತಾನಾಗಿ ಕೊಬ್ಬರಿಯಾಗಬೇಕು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ಅಲ್ಲೇ ಬಿಡುವುದು, ಕೊಬ್ಬರಿ ಗಟಗಟ ಎಂದರೆ ಈಚೆಗೆ ಹಾಕುವುದು. ಒಣಗಿದ ಮಟ್ಟೆಯ ಘಾಟಿಗೆ ಸೀನುತ್ತ ನಾನೂ ರುದ್ರಣ್ಣನ ಜೊತೆ ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಅವನ ಸದ್ದು ನಿಂತಿತು. ಕಾಯಿಯನ್ನು ಕಿವಿಗೆ ಹಿಡಿದುಕೊಂಡೇ ಗವಾಕ್ಷಿಯ ಹೊರಗೆ ನೋಡುತ್ತಿದ್ದ. ಹಿತ್ತಲಿನ ಎಳೆಯ ತೆಂಗಿನ ಮರಗಳ ಸುಳಿ ಆ ಕಿಂಡಿಯ ಮಟ್ಟಕ್ಕೇ ಇತ್ತು. ಹೊಂಬಾಳೆ ಆಗಷ್ಟೇ ಒಡೆದು ಜೇನು ಮುತ್ತಿತ್ತು, ಗರಿಯ ಸಂದಿನಲ್ಲಿ ಒಂದು ಅಳಿಲು ಕೂತಿತ್ತು.

"ತೆಂಗಿನ ಮರಾನ ಇಷ್ಟು ದಿನ ಕೆಳಗಿಂದ್ಲೇ ನೋಡಿದ್ದೆ ಕಣವ್ವ," ಎಂದವನೇ ಏಣಿ ಇಳಿದು ಓಡಿದ. ಅರ್ಧ ಕಾಯಿ ಹಾಗೇ ಬಿಟ್ಟಿದ್ದಾನೆಂದು ಅಜ್ಜಿ ಕೂಗಿಕೊಂಡಳು.

ಭಾನುವಾರ ಸಂಜೆಯ ಹೊತ್ತಿಗೆ ಪರದೆಯ ಮೇಲೆ ಕಾಡು ಎದ್ದಿತ್ತು. ನಡುವೆ ತೆಂಗಿನ ಮರಗಳು, ನಾವೇ ಅಟ್ಟ ಹತ್ತಿ ನಿಂತು ನೋಡುವ ಹಾಗೆ. ಎಲೆಯ ಬದಲು ಹೊಂಬಾಳೆಯ ಹಳದಿ ಚುಕ್ಕಿಗಳನ್ನೆಲ್ಲ ನನ್ನ ಕೈಯಿಂದ ಇಡಿಸಿದ. ಅವತ್ತಿನ ಜಂಬ ನನಗೆ ಮದುವೆಯ ದಿನವೂ ಇರಲಿಲ್ಲ.

ಮೇಷ್ಟ್ರು ಬಹಳ ಹೊತ್ತು ನೋಡಿದರು. ಪುರಾಣದ ಕಾಡಿಗೆ ತೆಂಗಿನ ಮರ ಎಲ್ಲಿಂದ ಬಂತು ಎಂದು ರಾಗ ಎಳೆದರು.

"ಋಷಿಗಳು ಪೂಜೆಗೆ ಕಾಯಿ ಎಲ್ಲಿಂದ ತರ್ತಿದ್ರು ಮೇಷ್ಟ್ರೇ?" ಎಂದ ಅಪ್ಪ.

ಮೇಷ್ಟ್ರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು ಮನಸಾರೆ ನಕ್ಕರು. ನಾಟಕದ ದಿನ ಪರದೆ ಬಿಚ್ಚಿದೊಡನೆ ಚಪ್ಪಾಳೆ. ಆಮೇಲೆ, ಆ ಮರ ಯಾರ ತೋಟದ್ದು ಎಂದು ಜನ ಜಗಳಕ್ಕೇ ಬಿದ್ದರು. ಗದೆ ಹೊತ್ತು ನಿಂತಿದ್ದ ಅಪ್ಪ ಗಲಾಟೆ ಮುಗಿಯುವವರೆಗೂ ಮಾತು ಶುರು ಮಾಡಲಿಲ್ಲ. ಅಷ್ಟು ಸಂತೋಷವಾಗಿ ಕಾದು ನಿಂತ ನಟನನ್ನು ನಾನು ಮತ್ತೆ ನೋಡಿಲ್ಲ.

ರುದ್ರಣ್ಣ ಮತ್ತೆ ಬೋರ್ಡು ಬರೆಯಲಿಲ್ಲ. ಸುತ್ತಿನ ಊರುಗಳಿಗೆಲ್ಲ ಪರದೆ ಬರೆದ. ಆಮೇಲೆ ಎಲ್ಲರೂ ಬಾಡಿಗೆ ಸೀನರಿ ತರಿಸತೊಡಗಿದರು. ನಮ್ಮ ಕಾಡಿನ ಪರದೆ ಕೊನೆಗೆ ಕೊಬ್ಬರಿ ಮುಚ್ಚುವ ಬಟ್ಟೆಯಾಯಿತು. ಅಜ್ಜಿಯ ಹಾಡುಗಳನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಮೊನ್ನೆ ಮೊಮ್ಮಗಳು ಕೇಳಿದಳೆಂದು ರುದ್ರಣ್ಣನ ಮೇಲೆ ಅಜ್ಜಿ ಹಾಡಿದ್ದ ಹಾಡನ್ನು ನೆನಪಿಸಿಕೊಳ್ಳಲು ಕೂತೆ. ಒಂದು ಸಾಲೂ ಬರಲಿಲ್ಲ. ಅಜ್ಜಿಯ ಮಾತು ನೆನಪಾಗಿ ಎದ್ದು ಚಟ್ನಿಗೆ ಮಿಕ್ಸಿ ಹಾಕಿದೆ. ರಾಗ ಇನ್ನೇನು ನಾಲಿಗೆಗೆ ಬಂತು ಅನ್ನುವಷ್ಟರಲ್ಲಿ ಚಟ್ನಿ ನುಣ್ಣಗಾಗಿಬಿಟ್ಟಿತ್ತು.